ನಿಂತುಹೋದ ಶ್ರುತಿಪೆಟ್ಟಿಗೆ

ಗುಂಡ್ಲುಪೇಟೆಯ ನನ್ನ ಸಂಗೀತದ ಟೀಚರ್ ಮನೆಯಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಎರಡು ದಿನದ ಮಟ್ಟಿಗೆಂದು ಚಾಮರಾಜನಗರಕ್ಕೆ ತಂದಿದ್ದೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಧ್ವನಿಮುದ್ರಣಗಳು ನನ್ನ ಬಳಿ ಇದ್ದವು. ಅವರ ತಂಬೂರಿ ಯಾವ ಶ್ರುತಿಯಲ್ಲಿದೆ ಎಂದು ಹೋಲಿಸಿ ನೋಡಬೇಕಿತ್ತು. ರೂಮಿಗೆ ಬಂದು ನೋಡಿದರೆ ಅಡಾಪ್ಟರ್ ಅಲ್ಲೇ ಬಿಟ್ಟು ಬಂದಿದ್ದೇನೆ. ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರ್ ಕಿತ್ತು ಚುಚ್ಚಿದೆ. ಪಿನ್ನು ಸರಿಯಾಗಿ ಕೂತಿತು. ಸ್ವಿಚ್ ಹಾಕಿದೆ. ಸುಟ್ಟ ವಾಸನೆ ಬಂತು, ಅಷ್ಟೇ.

ಟೀಚರ್ ಅದನ್ನು ಕೊಂಡು 20 ವರ್ಷ ದಾಟಿತ್ತು. ಗಂಡ ತೀರಿಕೊಂಡ ಮೇಲೆ ಪಾಠ ಹೇಳಿಯೇ ಮನೆ ನಡೆಸಿದವರು ಅವರು. ನಾನು ಸರಳೆ ವರಸೆ ಕಲಿತದ್ದೂ ಅದೇ ಪೆಟ್ಟಿಗೆಯ ಎದುರು ಕೂತು. ಚಾಮರಾಜನಗರದ ಎರಡು ಅಂಗಡಿಯವರು ಮುಚ್ಚಳ ಬಿಚ್ಚಿ ನೋಡಿ, ‘ಇದು ಈಗ ಬರಲ್ಲ ಸಾ, ಹೊಸದು ತಗೊಳ್ಳಿ’ ಎಂದರು.

ನೀಲಗಾರರ ತಂಬೂರಿಯ ತಂತಿ ಕಿತ್ತರೆ ಅವರೇ ಬೇರೆ ತಂತಿ ಬಿಗಿದುಕೊಳ್ಳುತ್ತಾರೆ. ಆ ವಾದ್ಯದಲ್ಲಿ ಕಣ್ಣಿಗೆ ಕಾಣದ್ದು ಏನೂ ಇಲ್ಲ. ಈ ಪೆಟ್ಟಿಗೆ ಹಾಗಲ್ಲ. ಒಳಗೆ ಏನಿದೆ ಎಂದು ಮಾಡಿದವರಿಗಷ್ಟೇ ಗೊತ್ತು. ಅವರು ಕೈಬಿಟ್ಟರೆ ವಾದ್ಯ ಸತ್ತಂತೆ.

ಕರ್ನಾಟಕದ ಮಟ್ಟಿಗೆ ಮಾಡಿದವರು ತೀರಾ ದೂರದವರೂ ಅಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆ ಕಟ್ಟಿದ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ವಾದಕರು. ಎಲೆಕ್ಟ್ರಾನಿಕ್ ತಂಬೂರಿ, ತಾಳಮಾಲಾದಂಥ ಪೆಟ್ಟಿಗೆಗಳು ಹೀಗೆ ಸಂಗೀತ ಬಲ್ಲವರ ಕೈಯಿಂದಲೇ ಹುಟ್ಟಿದವು. ಟೀಚರ್ ಮನೆಯದು ಬೇರೊಂದು ಪುಟ್ಟ ಕಂಪನಿಯದು. ಪೆಟ್ಟಿಗೆಯ ತಳದಲ್ಲಿ ಅರ್ಧ ಅಳಿಸಿದ್ದ ನಂಬರಿಗೆ ಫೋನ್ ಮಾಡಿದೆ.

ಎತ್ತಿದವರು ವಯಸ್ಸಾದವರು. ಮಾಡೆಲ್ ಹೆಸರು ಹೇಳಿದ್ದೇ ತಡ, ‘ಅದನ್ನ ನಿಲ್ಲಿಸಿ ಬಹಳ ವರ್ಷ ಆಯ್ತಲ್ಲಪ್ಪ, ಇನ್ನೂ ನುಡೀತಿತ್ತಾ?’ ಎಂದು ಖುಷಿಪಟ್ಟರು. ಬೋರ್ಡಿನ ಫೋಟೊ ಕಳಿಸಲು ಹೇಳಿದರು. ಅರ್ಧ ಗಂಟೆಗೆ ಅವರೇ ಫೋನ್ ಮಾಡಿದರು. ‘ಪ್ಲಸ್ಸು ಮೈನಸ್ಸು ಅದಲುಬದಲಾಗಿದೆ. ಒಂದು ಡಯೋಡು, ಒಂದು ರೆಗ್ಯುಲೇಟರು ಹೋಗಿರಬೇಕು. ಎರಡೂ ನಿಮ್ಮೂರಲ್ಲೇ ಸಿಗುತ್ತೆ. ದೊಡ್ಡ ಚಿಪ್ ಸುಟ್ಟಿದ್ರೆ ಮಾತ್ರ ನಮ್ಮ ಹತ್ರನೂ ಇಲ್ಲ, ಮೊದಲೇ ಹೇಳಿಬಿಡ್ತೀನಿ.’ ಹಿಂದೆಯೇ ಹಳದಿಗಟ್ಟಿದ ಹಾಳೆಯ ಫೋಟೊ ಬಂತು. ಕೈಯಲ್ಲಿ ಬರೆದ ಸರ್ಕ್ಯೂಟ್ ಚಿತ್ರ.

ಆ ಹಾಳೆ ಹಿಡಿದು ಮೊದಲ ಅಂಗಡಿಗೇ ಹೋದೆ. ‘ಇಲ್ಲ’ ಎಂದಿದ್ದವನೇ ಅದನ್ನು ನೋಡುತ್ತಾ ನೋಡುತ್ತಾ ಕಾವಿ ಬಿಸಿಗಿಟ್ಟ. ಚಿಪ್ ಉಳಿದಿತ್ತು. ಬಿಡಿಭಾಗಕ್ಕೆ 35 ರೂಪಾಯಿ, ಕೂಲಿ 150.

ಹೀಗೆ ನೆರವಾಗಬೇಕೆಂದು ಅವರನ್ನು ಯಾರೂ ಕಟ್ಟಿಹಾಕಿರಲಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ರಚಿಸಿತು. ಅದು ಗುರುತಿಸಿದ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ. ಸಂಗೀತದ ವಾದ್ಯ ಅದರಲ್ಲಿಲ್ಲ. ಆ ಹಿರಿಯರಿಗೆ ನನ್ನಿಂದ ಒಂದು ಪೈಸೆಯೂ ಹುಟ್ಟಲಿಲ್ಲ. ಹಾಗಾದರೆ ಅವರಿಗೇನು ಲಾಭ ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಾ ತೆರಕಣಾಂಬಿ ದಾಟಿದೆ.

ಉತ್ತರ ಟೀಚರ್ ಮನೆಯಲ್ಲಿ ಸಿಕ್ಕಿತು. ನಾನು ತಪ್ಪೊಪ್ಪಿಕೊಂಡೆ. ಅವರು ಬಯ್ಯಲಿಲ್ಲ, ಸ್ವಿಚ್ ಹಾಕಿ ಕಣ್ಣು ಮುಚ್ಚಿ ಪಂಚಮ ಕೇಳಿಸಿಕೊಂಡರು. ‘ಹಿಂದೊಂದು ಸಲ ಗುಬಟು ಮುರಿದಾಗಲೂ ಅವರೇ ಪೋಸ್ಟಲ್ಲಿ ಕಳಿಸಿದ್ರು ಕಣೋ’ ಎಂದರು. ಅಷ್ಟರಲ್ಲಿ ಹೊಸದಾಗಿ ಪಾಠಕ್ಕೆ ಸೇರಿದ ಹುಡುಗಿಯ ಅಪ್ಪ ಬಂದರು. ಯಾವ ಶ್ರುತಿಪೆಟ್ಟಿಗೆ ಕೊಳ್ಳಲಿ ಎಂದು ಕೇಳಿದರು. ಟೀಚರ್ ಒಂದೇ ಹೆಸರು ಹೇಳಿದರು. ಇಷ್ಟು ವರ್ಷಗಳಲ್ಲಿ ಎಷ್ಟು ಮನೆಯವರಿಗೆ ಆ ಹೆಸರು ಹೇಳಿದ್ದಾರೋ!

‘ಮೊಬೈಲಲ್ಲಿ ಆ್ಯಪ್ ಬಿಟ್ಟಿ ಸಿಗುತ್ತಂತಲ್ಲಾ ಮೇಡಂ?’

‘ಸಿಗುತ್ತೆ. ಕೆಟ್ಟರೆ ಯಾರಿಗೆ ಫೋನ್ ಮಾಡ್ತೀರಿ?’

ಅವರು ನಕ್ಕು ಹೆಸರು ಬರೆದುಕೊಂಡರು. ನಾನು ಹೊರಡುವಾಗ ನೋಡಿದೆ, ಟೀಚರ್ ಅಡಾಪ್ಟರನ್ನು ಪೆಟ್ಟಿಗೆಯ ಹಿಡಿಗೆ ದಾರದಿಂದ ಗಟ್ಟಿಯಾಗಿ ಕಟ್ಟುತ್ತಿದ್ದರು.