ಆಟ ಎಲ್ಲಿ ನಿಂತಿತ್ತೋ ಅಲ್ಲಿಂದ

ಸೌದಿಯ ಅಲ್ ಖರ್ಜಿನಲ್ಲಿ ಬೇಸಿಗೆಯ ಹಗಲನ್ನು ಮನೆಯೊಳಗೇ ಕಳೆಯಬೇಕು. ಜುಲೈ ಬಂತೆಂದರೆ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ತೋಟಗಳಲ್ಲಿ ಖರ್ಜೂರ ಬಣ್ಣ ಏರುತ್ತಿರುತ್ತದೆ, ಊರಾಚೆಯ ಭಾರೀ ಡೇರಿಗಳಲ್ಲಿ ಹಸುಗಳಿಗೆ ತುಂತುರು ನೀರು ಬಿಟ್ಟು ಫ್ಯಾನು ಹಾಕಿರುತ್ತಾರೆ. ನಾವು ಶುಕ್ರವಾರದ ಊಟ ಮುಗಿಸಿ, ಪರದೆ ಎಳೆದು, ಟೀವಿಯ ಮುಂದೆ ನೆಲಕ್ಕೇ ಕೂರುತ್ತೇವೆ. ಸೋಫಾದಲ್ಲಿ ಕೂತರೆ ಆಗದು. 2016ರಲ್ಲಿ ನಿಂಟೆಂಡೊ ಕಂಪನಿ ತನ್ನ ಹಳೆಯ ಯಂತ್ರವನ್ನೇ ಅಂಗೈಯಗಲಕ್ಕೆ ಇಳಿಸಿ, 30 ಆಟ ತುಂಬಿ ಮಾರಿತಲ್ಲ, ಆ ಪುಟ್ಟ ಕನ್ಸೋಲಿನ ಕಂಟ್ರೋಲರ್ ತಂತಿ ಒಂದು ಮೀಟರಿನಷ್ಟೂ ಇಲ್ಲ. ನನಗೆ ಅದೇ ಇಷ್ಟ. ಬಾಲ್ಯದಲ್ಲೂ ಹೀಗೆಯೇ, ಪರದೆಗೆ ಮೂಗು ತಾಗುವ ಹಾಗೆ ಕೂತು ಆಡಿದವರು ನಾವು.

ಕುಂದಾಪುರದ ಕಡೆ ಆಗ ವಿಡಿಯೋ ಗೇಮ್ ಎಂದರೆ ಗಲ್ಫಿನಿಂದ ರಜೆಗೆ ಬಂದವರ ಸೂಟ್‌ಕೇಸಿನಿಂದ ಹೊರಬರುವ ವಸ್ತು. ಟ್ಯಾಂಗ್ ಡಬ್ಬಿ, ಅತ್ತರು, ಟೇಪ್‌ರೆಕಾರ್ಡರುಗಳ ನಡುವೆ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್ ಯಂತ್ರದ ನಕಲು ಅದು ಎಂದು ನಮಗೆ ಯಾರು ಹೇಳಬೇಕು? ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿರುತ್ತಿತ್ತು; ಒಳಗಿರುತ್ತಿದ್ದದ್ದು ಕೆಲವೇ ಆಟಗಳು, ಅವೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಆದರೆ ಅವುಗಳಲ್ಲಿ ಮಾರಿಯೋ ಇದ್ದ. ಎಂಟು ಲೋಕ, ಲೋಕಕ್ಕೆ ನಾಲ್ಕು ಹಂತ. ಉಳಿಸಿಕೊಳ್ಳುವ ದಾರಿಯೇ ಇಲ್ಲ. ಏಳನೆಯ ಲೋಕದಲ್ಲಿದ್ದಾಗ ಕರೆಂಟು ಹೋದರೆ ಮತ್ತೆ ಮೊದಲ ಅಣಬೆಯಿಂದಲೇ ಶುರು. ಆ ಕಾಲದ ಕರಾವಳಿಯ ಮಳೆಗಾಲ ಕಂಡವರಿಗೆ ಕರೆಂಟಿನ ವಿಷಯ ವಿವರಿಸಬೇಕಿಲ್ಲ. ಕರೆಂಟು ಇದ್ದಾಗಲೂ ಆಟ ಮುಗಿದ ಮೇಲೆ ಎ ಗುಂಡಿ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದ ಮೊದಲಿಂದ ಆಡಬಹುದು ಎಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ.

ಆಡಿದ್ದು ಉಳಿಯಬೇಕು ಎಂಬ ಆಸೆಗೆ ಸಿಕ್ಕ ಒಂದು ಉಪಾಯ ಕಾಗದ. ಜಪಾನಿನಲ್ಲಿ 1986ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಆಟ ನಿಲ್ಲಿಸುವಾಗ 20 ಅಕ್ಷರಗಳ ಮಂತ್ರವೊಂದನ್ನು ಕೊಡುತ್ತಿತ್ತು. ಅದನ್ನು ಬರೆದಿಟ್ಟುಕೊಂಡು ನಾಳೆ ತಪ್ಪಿಲ್ಲದೆ ಟೈಪಿಸಿದರೆ ನಿಮ್ಮ ಕತ್ತಿ, ಹಣ, ಬಲ ಎಲ್ಲ ಮರಳುತ್ತವೆ. ಎರಡನೆಯ ಭಾಗದಲ್ಲಿ ಮಂತ್ರ 52 ಅಕ್ಷರಗಳವರೆಗೂ ಬೆಳೆಯಿತು. ಅಮೆರಿಕದಲ್ಲಿ 1987ರಲ್ಲಿ ಬಂದ ಜೆಲ್ಡಾ ಆಟ ಕ್ಯಾಸೆಟ್ಟಿನೊಳಗೆ ಒಂದು ಬ್ಯಾಟರಿಯನ್ನೇ ಇಟ್ಟಿತು. ನಾಣ್ಯದಷ್ಟಿರುವ, ಮೂರು ವೋಲ್ಟಿನ ಲಿಥಿಯಂ ಬ್ಯಾಟರಿ. ಯಂತ್ರ ಆರಿದ ಮೇಲೂ ಪುಟ್ಟದೊಂದು ಮೆಮೊರಿ ಚಿಪ್ಪಿಗೆ ಅದು ಜೀವ ಹಿಡಿದಿರುತ್ತದೆ. ಆರಿಸುವಾಗ ರೀಸೆಟ್ ಒತ್ತಿ ಹಿಡಿದುಕೊಂಡೇ ಪವರ್ ತೆಗೆಯಿರಿ ಎಂದು ಆಟವೇ ಹೇಳುತ್ತಿತ್ತು. ವಿದ್ಯುತ್ತು ಇಳಿಯುವ ಆ ಗಳಿಗೆಯಲ್ಲಿ ಪ್ರೊಸೆಸರ್ ಅಡ್ಡಾದಿಡ್ಡಿ ಬರೆದು ಉಳಿಸಿದ್ದನ್ನು ಕೆಡಿಸದಿರಲಿ ಎಂದು. ಎರಡು ಬೆರಳುಗಳ ಈ ಜಾಗ್ರತೆ ನನಗೆ ತುಂಬ ಪ್ರಿಯ.

ಈ ದೇಶಕ್ಕೂ ತನ್ನದೇ ನೆನಪುಗಳಿವೆ. ಇಲ್ಲಿ ಐವತ್ತರ ಆಸುಪಾಸಿನ ಸೌದಿಗಳ ಹತ್ತಿರ ಸಖ್ರ್ ಎಂದು ನೋಡಿ, ಮುಖ ಅರಳುತ್ತದೆ. ಮೊಹಮ್ಮದ್ ಅಲ್ ಶಾರೆಖ್ ಕುವೈತಿನಲ್ಲಿ 1982ರಲ್ಲಿ ಕಟ್ಟಿದ ಸಂಸ್ಥೆ ಅದು. ಜಪಾನಿನ ಎಂಎಸ್‌ಎಕ್ಸ್ ಗಣಕಕ್ಕೆ ಅರಬ್ಬಿ ಲಿಪಿಯ ಕೀಲಿಮಣೆ ಕೊಟ್ಟು, ಯಮಾಹಾದಿಂದ ಮಾಡಿಸಿ, ಅರಬ್ ಮನೆಗಳಿಗೆ ತಲುಪಿಸಿದರು. ಪಾಠಕ್ಕೆಂದು ಕೊಂಡದ್ದರಲ್ಲಿ ಮಕ್ಕಳು ಕೊನಾಮಿಯ ಆಟ ಆಡಿದರು. ಉಳಿಸಲು ಮಾಮೂಲಿ ಟೇಪ್‌ರೆಕಾರ್ಡರ್ ಸಾಕಿತ್ತು: ಗಣಕದ ಅಂಕಿಗಳು ಕೀರಲು ದನಿಯಾಗಿ ಆಡಿಯೋ ಕ್ಯಾಸೆಟ್ಟಿನಲ್ಲಿ ಕೂರುತ್ತಿದ್ದವು. ಒಂದು ಬದಿಗೆ ಹಾಡು, ಇನ್ನೊಂದು ಬದಿಗೆ ಆಟ. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದ ಮೇಲೆ ಸಂಸ್ಥೆ ಕೈರೋಗೆ ಹೋಯಿತು. ಶಾರೆಖ್ 2024ರಲ್ಲಿ ತೀರಿಕೊಂಡರು.

ಅದೇ 1990ರಲ್ಲಿ ಒಸಾಕಾದ ಎಸ್‌ಎನ್‌ಕೆ ಕಂಪನಿ ನಿಯೋ ಜಿಯೋ ಯಂತ್ರಕ್ಕೆ ಜೇಬಿನಲ್ಲಿ ಕೂರುವ ಮೆಮೊರಿ ಕಾರ್ಡ್ ಕೊಟ್ಟಿತು. ಮನೆಯಲ್ಲಿ ನಿಲ್ಲಿಸಿದ ಆಟವನ್ನು ಪಾರ್ಲರಿನ ಯಂತ್ರದಲ್ಲಿ ಮುಂದುವರಿಸಬಹುದಿತ್ತು! ನಮ್ಮ ಬಸ್‌ಸ್ಟ್ಯಾಂಡ್ ಬಳಿಯ ಪಾರ್ಲರುಗಳಲ್ಲಿ ನಾಣ್ಯ ಹಾಕಿ 'ಮುಸ್ತಫಾ' ಆಡುತ್ತಿದ್ದವರಿಗೆ ಇಂಥದ್ದು ಕನಸಿನಲ್ಲೂ ಸುಳಿಯಲಿಲ್ಲ. ಆ ಎಸ್‌ಎನ್‌ಕೆ ಈಗ ಇಲ್ಲಿಯದೇ. ರಿಯಾದಿನ ಮಿಸ್ಕ್ ಪ್ರತಿಷ್ಠಾನದ ಕೈಯಲ್ಲಿ 2022ರಿಂದ ಅದರ ಶೇ. 96ರಷ್ಟು ಪಾಲಿದೆ. ರಿಯಾದ್ ನನ್ನ ಮನೆಯಿಂದ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್.

ನಿಂಟೆಂಡೊದ ಪುಟ್ಟ ಕನ್ಸೋಲುಗಳಲ್ಲಿ ಉಳಿಸುವ ಕಷ್ಟವೇ ಇಲ್ಲ. ರೀಸೆಟ್ ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ, ಮಾರಿಯೋ ಗಾಳಿಯಲ್ಲಿ ತೂಗುತ್ತಿದ್ದರೂ ಸರಿ. ಪ್ರತಿ ಆಟಕ್ಕೆ ನಾಲ್ಕು ಜಾಗ. ಪಾಳಿಯ ಕೆಲಸ ಮಾಡುವವನಿಗೆ ಇದು ವರ. ಮಗ್ರಿಬ್ ಬಾಂಗಿಗೂ ಇಷಾ ಬಾಂಗಿಗೂ ನಡುವೆ ಒಂದಿಷ್ಟು ಆಡಿ ಎದ್ದು ಹೋಗಬಹುದು. 2017ರಲ್ಲಿ ಬಂದ ಸೂಪರ್ ನಿಂಟೆಂಡೊ ಮಿನಿಯಲ್ಲಿ ಆಟವನ್ನು ಹಿಂದಕ್ಕೆ ಉರುಳಿಸುವ ಸೌಲಭ್ಯವನ್ನೂ ಕೊಟ್ಟರು. ಅದನ್ನು ನಾನು ಮುಟ್ಟುವುದಿಲ್ಲ. ನಿಲ್ಲಿಸಿದಲ್ಲಿಂದ ಮುಂದುವರಿಯುವುದು ಆಟಕ್ಕೆ ಮರ್ಯಾದೆ. ಬಿದ್ದದ್ದನ್ನು ಬೀಳದಂತೆ ಮಾಡಿಕೊಂಡರೆ ಜಿಗಿತಕ್ಕೆ ಬೆಲೆಯಿಲ್ಲ.

ಆದರೂ ನನ್ನ ಮನಸ್ಸು ಬ್ಯಾಟರಿಯ ಕಡೆಗೇ. ರಿಯಾದಿನ ಹರಾಜ್ ಬಿನ್ ಖಾಸಿಮ್ ಹಳೇ ಸಾಮಾನಿನ ಸಂತೆಯಲ್ಲಿ ರಿಮೋಟು, ಮೊಬೈಲುಗಳ ರಾಶಿಯ ನಡುವೆ ಒಮ್ಮೆ ಗೇಮ್ ಬಾಯ್‌ನ ಕೆಂಪು ಕ್ಯಾಸೆಟ್ಟೊಂದು ಸಿಕ್ಕಿತು: ಪೋಕೆಮಾನ್ ರೆಡ್. ಈ ದೇಶದಲ್ಲಿ 2001ರಲ್ಲಿ ಫತ್ವಾ ಬಂದು ಪೋಕೆಮಾನ್ ಆಟ, ಕಾರ್ಡುಗಳು ನಿಷೇಧವಾಗಿದ್ದವು. (2023ರ ಹೊತ್ತಿಗೆ ಇಲ್ಲಿನ ಸರ್ಕಾರಿ ಹೂಡಿಕೆ ನಿಧಿಯೇ ನಿಂಟೆಂಡೊದ ಶೇ. 8ಕ್ಕೂ ಹೆಚ್ಚು ಷೇರು ಕೊಂಡಿತ್ತು. ಕಾಲ ಎಷ್ಟು ಬದಲಾಯಿತು ನೋಡಿ.) ಮನೆಗೆ ತಂದು ಹಾಕಿದರೆ, ಬ್ಯಾಟರಿ ಇನ್ನೂ ಜೀವ ಹಿಡಿದಿತ್ತು. ಯಾವುದೋ ಮಗುವಿನ ಆಟ ಹಾಗೇ ಕೂತಿತ್ತು: ಪ್ರೀತಿಯಿಂದ ಸಾಕಿದ ಚಾರಿಜಾರ್ಡ್, ಎಂಟೂ ಬ್ಯಾಡ್ಜು, ಕೊನೆಯ ನಾಲ್ವರನ್ನು ಎದುರಿಸುವ ಮುನ್ನ ಚೀಲದ ತುಂಬ ಔಷಧಿ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಆ ಮಗು ಯಾಕೆ ನಿಲ್ಲಿಸಿತೋ.

ಈ ಆಟದಲ್ಲಿ ಉಳಿಸಲು ಇರುವುದು ಒಂದೇ ಜಾಗ. ಹೊಸದಾಗಿ ಶುರುಮಾಡಿ ಮೊದಲ ಸಲ ಸೇವ್ ಕೊಟ್ಟರೆ ಹಳೆಯದು ಅಳಿಯುತ್ತದೆ. ಬ್ಯಾಟರಿ ಬದಲಿಸಿದರೂ ಅಳಿಯುತ್ತದೆ. ಬದಲಿಸದಿದ್ದರೆ ಇಂದೋ ನಾಳೆಯೋ ತಾನಾಗಿ ಅಳಿಯುತ್ತದೆ. ಹಾಗಾಗಿ ಮೊದಲು ಕ್ಯಾಸೆಟ್ ಓದುವ ಪುಟ್ಟ ಸಾಧನವೊಂದನ್ನು ತರಿಸಿ 32 ಕಿಲೋಬೈಟಿನ ಆ ಉಳಿಕೆಯನ್ನು ಕಂಪ್ಯೂಟರಿಗೆ ಇಳಿಸಿದೆ. ನಿಂಟೆಂಡೊದ ಇಂಥ ಕ್ಯಾಸೆಟ್ಟುಗಳಿಗೆ 3.8 ಮಿಲಿಮೀಟರಿನ ವಿಶೇಷ ತಿರುಪು ಇರುತ್ತದೆ. ಮನೆಯ ಸ್ಕ್ರೂಡ್ರೈವರ್ ನಡೆಯದು. ಬಿಚ್ಚಿ, ಹಳೆಯ ಬ್ಯಾಟರಿಯ ಬೆಸುಗೆ ಕಾಯಿಸಿ ಎಬ್ಬಿಸಿ, ಕಿವಿಯಿರುವ ಹೊಸ ಬ್ಯಾಟರಿ ಕೂರಿಸಿ, ಆ ಉಳಿಕೆಯನ್ನು ಮತ್ತೆ ಒಳಗೆ ತುಂಬಿದೆ. ಆನ್ ಮಾಡಿದರೆ ಚಾರಿಜಾರ್ಡ್ ಅಲ್ಲೇ ಇತ್ತು. ಗುರುತಿಲ್ಲದ ಆ ಮಗುವಿಗೆ ಈಗ ನನ್ನಷ್ಟು ವಯಸ್ಸಾಗಿರದಿದ್ದರೂ ಮೂವತ್ತು ದಾಟಿರಬೇಕು. ಎಲ್ಲಾದರೂ ಸಿಕ್ಕಿದರೆ ಕೊಟ್ಟುಬಿಡುತ್ತೇನೆ.

ಆ ಉಳಿಕೆಯ ಪ್ರತಿಗಳನ್ನು ಬೇರೆ ಬೇರೆ ಕಡೆ ಇಟ್ಟ ಮೇಲೆಯೇ ಮಗಳಿಗೆ ಹೊಸ ಆಟ ಶುರುಮಾಡಲು ಹೇಳಿದ್ದು. ಪ್ರೊಫೆಸರ್ ಓಕ್ ಮೂರು ಚೆಂಡು ಮುಂದಿಟ್ಟಾಗ ನಾನಾಗಿದ್ದರೆ ಬೆಂಕಿಯ ಚಾರ್ಮ್ಯಾಂಡರ್ ಎತ್ತಿಕೊಳ್ಳುತ್ತಿದ್ದೆ. ಅವಳು ಹಸಿರಿನ ಬಲ್ಬಸಾರ್ ಎತ್ತಿಕೊಂಡಳು. ಮೊದಲ ಬ್ಯಾಡ್ಜಿಗಾಗಿ ಎದುರಿಸಬೇಕಾದ ಬ್ರಾಕ್‌ನದು ಕಲ್ಲಿನ ಪಡೆ, ಹಸಿರಿನ ಎದುರು ಅದು ನಿಲ್ಲುವುದಿಲ್ಲ. ಅವಳಿಗೆ ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.