ಬಾಡಿಗೆ ಕೋಣೆಯ ಟೀವಿ

ಲಾಡ್ಜಿನ ಕೋಣೆಗೆ ಕಾಲಿಟ್ಟ ಮೊದಲ ಐದು ನಿಮಿಷದಲ್ಲಿ ಮನುಷ್ಯನ ಸ್ವಭಾವ ಗೊತ್ತಾಗಿಬಿಡುತ್ತದೆ. ಕೆಲವರು ಬಚ್ಚಲಿಗೆ ಹೋಗಿ ನಲ್ಲಿ ತಿರುವಿ ಬಿಸಿನೀರು ಬರುತ್ತದೋ ಇಲ್ಲವೋ ನೋಡುತ್ತಾರೆ. ಕೆಲವರು ಚಾದರ ಎತ್ತಿ ಮೂಸುತ್ತಾರೆ. ಹೆಣ್ಣುಮಕ್ಕಳು ಬಾಗಿಲ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಾರೆ. ಈಗೀಗ ಇನ್ನೊಂದು ಜಾತಿ ಹುಟ್ಟಿಕೊಂಡಿದೆ. ಇವರು ಹೆಗಲ ಚೀಲ ಇಳಿಸುವ ಮೊದಲೇ ಗೋಡೆಯ ಟೀವಿಯ ಹಿಂದೆ ಕೈ ಹಾಕಿ, ಧೂಳು, ಜೇಡರ ಬಲೆ ಯಾವುದನ್ನೂ ಲೆಕ್ಕಿಸದೆ ತಡವುತ್ತಾರೆ. ಎಚ್‌ಡಿಎಂಐ ಕಿಂಡಿ ಬೆರಳಿಗೆ ಹತ್ತಿತೆಂದರೆ ಬಾವಿಯಲ್ಲಿ ಬಿದ್ದ ಕೊಡ ಸಿಕ್ಕಷ್ಟು ಖುಷಿ.

ನನ್ನ ತಂಗಿಯ ಹಿರಿಯ ಅಳಿಯಂದಿರು ಈ ಜಾತಿಗೆ ಸೇರಿದವರು. ಬೆಂಗಳೂರಿನಲ್ಲಿ ಕೆಲಸ. ಅವರ ಪ್ರವಾಸದ ಚೀಲದಲ್ಲಿ ಅಂಗಿಗಿಂತ ವಾಯರು ಹೆಚ್ಚು: ಎಚ್‌ಡಿಎಂಐ ಕೇಬಲ್ಲು, ಟೀವಿ ಸ್ಟಿಕ್ಕು, ಪೆನ್‌ಡ್ರೈವು, ಎಕ್ಸ್‌ಟೆನ್ಶನ್ ಬೋರ್ಡು. ಎಲ್ಲಿ ಹೋದರೂ ಅಲ್ಲಿಯ ಟೀವಿಯಲ್ಲಿ ತಮ್ಮ ಫೋನಿನದೇ ಚಿತ್ರ ಮೂಡಬೇಕು, ಅದೊಂದು ಚಟ.

ಕಳೆದ ಬನಶಂಕರಿ ಜಾತ್ರೆಗೆ ನಾವು, ಬೀಗರು ಕೂಡಿ ಬಾದಾಮಿಯ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದೆವು. ತಂಗಿಯ ಕಿರಿಯ ಮಗಳನ್ನು ಇಳಕಲ್ಲಿಗೆ ಕೊಡುವುದೆಂದು ಆಗಷ್ಟೇ ನಿಶ್ಚಯವಾಗಿತ್ತು. ನಿಶ್ಚಯದ ವಿಡಿಯೋ ಅಳಿಯಂದಿರ ಫೋನಿನಲ್ಲಿತ್ತು. 'ಸಣ್ಣ ಫೋನಿನ್ಯಾಗ ಏನ್ ಕಾಣತೈತ್ರಿ, ದೊಡ್ಡ ಟೀವಿಗೆ ಹಚ್ಚತೀನಿ, ಎಲ್ಲಾರೂ ನೋಡೋಣು' ಎಂದರು. ಹಂಪಿಗಿಂತ ಹಳೆಯ ಚಾಲುಕ್ಯರ ಗುಹೆಗಳನ್ನು ಬೆಳಿಗ್ಗೆ ಅರ್ಧ ತಾಸಿನಲ್ಲಿ ನೋಡಿ ಮುಗಿಸಿದ್ದ ಮನುಷ್ಯ ಟೀವಿಯ ಹಿಂದೆ ಎರಡು ತಾಸು ನಿಂತರು.

ಕೇಬಲ್ಲು ಚುಚ್ಚಿದ್ದಾಯಿತು. ಆದರೆ ರಿಮೋಟಿನಲ್ಲಿ ಸೋರ್ಸ್ ಗುಂಡಿ ಒತ್ತಿದರೆ ಟೀವಿ ಕಿವುಡಾಯಿತು. ಲಾಡ್ಜು, ಹೋಟೆಲುಗಳಿಗೆಂದೇ ಟೀವಿಗಳಲ್ಲಿ 'ಹೋಟೆಲ್ ಮೋಡ್' ಎಂಬುದೊಂದು ಇರುತ್ತದೆ. ಅದನ್ನು ಹಾಕಿಟ್ಟರೆ ಸದ್ದು ಇಷ್ಟರ ಮೇಲೆ ಏರುವುದಿಲ್ಲ, ಚಾನಲ್ಲಿನ ಸಾಲು ಬದಲಾಗುವುದಿಲ್ಲ, ಹೊರಗಿನ ಯಾವ ಪೆಟ್ಟಿಗೆಗೂ ಟೀವಿ ಮುಖ ತಿರುಗಿಸುವುದಿಲ್ಲ. ನಡುರಾತ್ರಿ ಪಕ್ಕದ ಕೋಣೆಯವರು ಬಂದು ಜಗಳ ಕಾಯಬಾರದು, ನಾಳೆ ಬರುವವನಿಗೆ ಟೀವಿ ಕೆಟ್ಟಿದೆ ಎನ್ನಿಸಬಾರದು ಎಂದು ಮಾಲೀಕರು ಕಂಡುಕೊಂಡ ಉಪಾಯ. ತಪ್ಪು ಅನ್ನಲಿಕ್ಕಾಗದು.

ಬೀಗರು ಹಾಸಿಗೆಯ ಮೇಲೆ, ಕುರ್ಚಿಯ ಮೇಲೆ, ನೆಲದ ಮೇಲೆ ಕುಳಿತು ಕಾಯುತ್ತಿದ್ದರು. ಅಳಿಯಂದಿರು ವಾಯರು ಬಿಟ್ಟು ಗಾಳಿಗೆ ಬಂದರು. ಲಾಡ್ಜಿನ ವೈಫೈಗೆ ಫೋನು ಸೇರಿತು, ಟೀವಿಯೂ ಸೇರಿತು. ಒಂದಕ್ಕೊಂದು ಮಾತ್ರ ಕಾಣಲಿಲ್ಲ. ಇಂಥ ಕಡೆ ವೈಫೈಯಲ್ಲಿ ಪ್ರತಿ ಸಾಧನವನ್ನೂ ಬೇರೆಬೇರೆ ಇಟ್ಟಿರುತ್ತಾರೆ. ಎಲ್ಲಕ್ಕೂ ಇಂಟರ್‌ನೆಟ್ಟು ಸಿಗುತ್ತದೆ, ಒಂದರ ಮನೆಯೊಳಗೆ ಇನ್ನೊಂದು ಇಣುಕುವಂತಿಲ್ಲ. ಇಲ್ಲದಿದ್ದರೆ ಮೇಲಂತಸ್ತಿನ ಹುಡುಗ ನಮ್ಮ ಟೀವಿಯಲ್ಲಿ ತನ್ನ ಸಿನಿಮಾ ಓಡಿಸಿಯಾನು.

'ಅಳಿಯಾರ, ಬಿಡ್ರಿ ಸಾಕು, ಚಾ ಆರಾಕತ್ತೈತಿ' ಎಂದಳು ನನ್ನ ದೊಡ್ಡಕ್ಕ.

ದೊಡ್ಡಕ್ಕನಿಗೆ ಈ ಆಟ ಹೊಸದಲ್ಲ. ಇದೇ ಅಳಿಯಂದಿರು ಹಿಂದೊಮ್ಮೆ ಅವಳನ್ನು ಮುಂಬೈಯಿಂದ ಹೊರಡುವ ಪ್ರವಾಸಿ ಹಡಗಿನಲ್ಲಿ ಕರೆದೊಯ್ದಿದ್ದರು. ಹಡಗು ಹತ್ತುವಾಗಲೇ ತಪಾಸಣೆಯವರು ಎಕ್ಸ್‌ಟೆನ್ಶನ್ ಬೋರ್ಡು ಇಸಿದುಕೊಂಡು ಚೀಟಿ ಕೊಟ್ಟರಂತೆ. ಹಡಗಿನಲ್ಲಿ ಬೆಂಕಿಯ ಭಯ ದೊಡ್ಡದು, ಅಂಥ ಬೋರ್ಡುಗಳಿಗೆ ಒಳಗೆ ಪ್ರವೇಶವಿಲ್ಲ, ಇಳಿಯುವಾಗ ವಾಪಸ್ಸು. ಕ್ಯಾಬಿನ್ನಿನ ಟೀವಿಯೂ ಬೀಗ ಹಾಕಿದ್ದೇ. ಇಂಟರ್‌ನೆಟ್ಟು ಉಪಗ್ರಹದಿಂದ ಬರಬೇಕಾದ್ದರಿಂದ ಒಂದೊಂದು ಫೋನಿಗೂ ಬೇರೆ ರೊಕ್ಕ. ಗೋಡೆ ಉಕ್ಕಿನದಾದ್ದರಿಂದ ಅಯಸ್ಕಾಂತದ ಕೊಕ್ಕೆ ಅಂಟಿಸಿ ಟವೆಲು ನೇತುಹಾಕಲು ಮಾತ್ರ ಅನುಕೂಲ. ಅಳಿಯಂದಿರು ಟೀವಿಯ ಹಿಂದೆ ಬೆವರುತ್ತಿದ್ದಾಗ ದೊಡ್ಡಕ್ಕ ರಿಮೋಟು ಒತ್ತುತ್ತ ಒಂದು ಚಾನಲ್ಲು ಹಿಡಿದಳು. ಹಡಗಿನ ಮೂತಿಯ ಕ್ಯಾಮೆರಾ ಕಂಡದ್ದನ್ನು ಇಡೀ ದಿನ ತೋರಿಸುವ ಚಾನಲ್ಲು. ಕಿಟಕಿಯಿಲ್ಲದ ಅಗ್ಗದ ಕ್ಯಾಬಿನ್ನು ಅದು, ಟೀವಿಯೇ ಕಿಟಕಿ. ಹಳೆಯ ಬಾಗಲಕೋಟೆಯಲ್ಲಿದ್ದ ಅವಳ ಮನೆ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹೋಗಿ, ಈಗ ನವನಗರದ ಸೆಕ್ಟರಿನಲ್ಲಿದ್ದಾಳೆ. 'ನೀರು ನೋಡಾಕ ಇಷ್ಟ್ ದೂರ ಬರಬೇಕಿತ್ತೇನ್ರಿ? ನಮ್ಮ ಮನಿ ಮ್ಯಾಲ ನಿಂತದ್ದೂ ಹಿಂಗ ಕಾಣತೈತಿ' ಎಂದಳಂತೆ. ಚಾನಲ್ಲು ಮಾತ್ರ ಬದಲಿಸಲು ಬಿಡಲಿಲ್ಲ.

ನಮ್ಮ ಸೀಮೆಯಲ್ಲಿ ಟೀವಿ ಯಾವತ್ತೂ ಒಬ್ಬರ ಮಾತು ಕೇಳುವ ವಸ್ತುವಾಗಿರಲಿಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸಿದ ಸೈಟ್ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಆಗ ವಿಜಾಪುರ ಜಿಲ್ಲೆಯವೇ, ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಕೋಳಿಗೂಡಿನ ಜಾಳಿಗೆಯಂಥ ತಂತಿಬಲೆಯ ದೊಡ್ಡ ಆಂಟೆನಾ, ಅದರ ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ದಿಲ್ಲಿ, ಅಹಮದಾಬಾದಿನಿಂದ ಆಕಾಶಕ್ಕೆ ಕಳಿಸಿದ್ದನ್ನು ಹಳ್ಳಿ ನೋಡಬೇಕು, ಅಷ್ಟೇ. ನಮ್ಮದನ್ನು ಹಚ್ಚೋಣ ಎನ್ನಲು ನಮ್ಮದೆಂಬ ಚಿತ್ರ ಯಾರ ಬಳಿ ಇತ್ತು?

'ನಮ್ಮದು' ಬಂದದ್ದು ವಿಸಿಪಿಯ ಕಾಲಕ್ಕೆ. ಗಣಪತಿ ಹಬ್ಬಕ್ಕೋ ಮದುವೆಗೋ ಪೇಟೆಯಿಂದ ಕಲರ್ ಟೀವಿ, ವಿಸಿಪಿ, ಮೂರು ಕ್ಯಾಸೆಟ್ಟು ಒಂದು ರಾತ್ರಿಯ ಬಾಡಿಗೆಗೆ ಬರುತ್ತಿದ್ದವು, ಕಾಯಲು ಜೊತೆಗೊಬ್ಬ ಹುಡುಗ. ಪೆಟ್ಟಿಗೆಯನ್ನು ಟೀವಿಗೆ ಜೋಡಿಸಿ, ಚಾನಲ್ಲಿನ ತಿರುಗುಣಿ ತಿರುವುತ್ತ ಚಿತ್ರ ಹಿಡಿಯುವವನು ಅವನೇ. ಹೆಡ್ಡಿಗೆ ಕೊಳೆ ಹಿಡಿದು ಪರದೆಯ ಮೇಲೆ ಇರುವೆ ಹರಿದಾಡಿದರೆ ಒರೆಸುವವನೂ ಅವನೇ. ಯಾವ ಸಿನಿಮಾ ಮೊದಲು ಎನ್ನುವ ಜಗಳವನ್ನು ಓಣಿಯ ಹಿರಿಯರು ಬಿಡಿಸುತ್ತಿದ್ದರು. ಚಿತ್ರ ಬಾಡಿಗೆಯದು, ಪರದೆ ಬಾಡಿಗೆಯದು, ಜನ ಮಾತ್ರ ನಮ್ಮವರು. ಈಗ ಚಿತ್ರ ಒಬ್ಬೊಬ್ಬರ ಕಿಸೆಯಲ್ಲಿದೆ. ಹತ್ತು ಜನ ಕೂಡಿ ನೋಡಬೇಕೆಂದರೆ ಪರದೆಯೇ ಒಲ್ಲೆ ಎನ್ನುತ್ತದೆ.

ಬಾದಾಮಿಯಲ್ಲಿ ಕಡೆಗೂ ಪರದೆ ಒಲಿಯಿತು. ಅಳಿಯಂದಿರು ಲಾಡ್ಜಿನ ವೈಫೈ ಕೈಬಿಟ್ಟು, ತಂಗಿಯ ಫೋನಿನ ಹಾಟ್‌ಸ್ಪಾಟಿಗೆ ಟೀವಿಯನ್ನೂ ತಮ್ಮ ಫೋನನ್ನೂ ಸೇರಿಸಿ, ಫೋನಿನ ಪರದೆಯನ್ನು ಇದ್ದ ಹಾಗೆಯೇ ಟೀವಿಯಲ್ಲಿ ಮೂಡಿಸಿದರು. ನಿಶ್ಚಯದ ವಿಡಿಯೋ ಶುರುವಾಯಿತು. ಉಡಿ ತುಂಬುವುದು ಬಂತು, ಬೀಗತಿ ನಮ್ಮ ಹೆಣ್ಣುಮಕ್ಕಳಿಗೆ ಸೀರೆ ಕೊಡುವುದು ಬಂತು. ಸರಿಯಾಗಿ ಆಗಲೇ ಪರದೆಯ ನೆತ್ತಿಯ ಮೇಲೆ ವಾಟ್ಸಾಪಿನ ಪಟ್ಟಿಯೊಂದು ಇಳಿಯಿತು. ಹುನಗುಂದದಲ್ಲೇ ಉಳಿದಿದ್ದ ವೈನಿ ಮನೆಯ ಗ್ರೂಪಿಗೆ ಹಾಕಿದ್ದು: 'ಬೀಗರು ಕೊಟ್ಟ ಸೀರಿ ಮಷೀನಿಂದ ಅಂತ ಕಾಣತೈತಿ. ಇಳಕಲ್ಲಿನವರಾಗಿ ಇಂಥಾದ್ದ ಕೊಡೂದ?'

ಅಕ್ಷರಗಳು ಗುಹೆಯ ಶಾಸನಕ್ಕಿಂತ ದೊಡ್ಡವಿದ್ದವು. ಅಳಿಯಂದಿರು ಟೀವಿಗೆ ಅಡ್ಡ ನಿಂತರು, ಆದರೆ ಓದುವವರು ಓದಿಯಾಗಿತ್ತು.

ಬೀಗತಿ ಸಿಟ್ಟಾಗಲಿಲ್ಲ. ಎದ್ದು ಬಂದು ತಂಗಿ ಉಟ್ಟಿದ್ದ ಅದೇ ಸೀರೆಯ ಸೆರಗು ಹಿಡಿದು, ಒಡಲೂ ಸೆರಗೂ ಸೇರುವಲ್ಲಿ ತಿರುವಿ, 'ಇಲ್ಲಿ ನೋಡ್ರಿ' ಎಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಕೆಂಪು ರೇಷ್ಮೆಯ ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆ ಮಾಡಿ ಸಿಕ್ಕಿಸುತ್ತ ಹೋಗುತ್ತಾರೆ. ಅದೇ ಕೊಂಡಿ. ಸಾವಿರಾರು ಎಳೆ, ಅಷ್ಟೂ ಕುಣಿಕೆ. ಬೀಗತಿಯ ಉಗುರಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕುಣಿಕೆಗಳು ಸಾಲಾಗಿ ಕಂಡವು. 'ಇದು ನಮ್ಮತ್ತಿ ಹಾಕಿದ ಕೊಂಡಿ. ನಿಮ್ಮ ವೈನಿಯವರಿಗೆ ಇದರದೊಂದು ಫೋಟೋ ಕಳಸ್ರಿ' ಎಂದರು.

ಫೋಟೋ ಹೋಯಿತು. ಹುನಗುಂದದಿಂದ ಕೈಮುಗಿದ ಚಿತ್ರ ಮರುಕ್ಷಣವೇ ಬಂತು, ಅದೂ ಟೀವಿಯಲ್ಲೇ. ಆಮೇಲೆ ವಿಡಿಯೋ ಯಾರಿಗೂ ಬೇಡವಾಯಿತು. ಜಾತ್ರೆಯಲ್ಲಿ ನಾಟಕ ಕಂಪನಿಗಳು ಥೇಟರು ಹಾಕಿಕೊಂಡು ಕಾಯುತ್ತಿರುವಾಗ ಗೋಡೆಯ ಟೀವಿಯ ಮುಂದೆ ಯಾಕೆ ಕೂಡಬೇಕು ಎಂದು ಬೀಗರೇ ಎಲ್ಲರನ್ನೂ ಹೊರಡಿಸಿದರು.

ಹೊರಡುವ ಮುನ್ನ ಅಳಿಯಂದಿರಿಂದ ಒಂದು ಒಳ್ಳೆಯ ಕೆಲಸ ಆಯಿತು. ಟೀವಿಯಲ್ಲಿ ಹಾಕಿದ್ದ ತಮ್ಮ ಖಾತೆಯನ್ನು ತೆಗೆದು, ಹಾಟ್‌ಸ್ಪಾಟಿನ ಪಾಸ್‌ವರ್ಡ್ ಅಳಿಸಿದರು. ಬಾಡಿಗೆ ಕೋಣೆಯ ಟೀವಿಯಲ್ಲಿ ಹಿಂದಿನ ಗಿರಾಕಿ ಬಿಟ್ಟುಹೋದ ಖಾತೆಗಳು ಹೀಗೆಯೇ ಉಳಿದು, ಅವನು ಏನೇನು ನೋಡಿದ್ದ ಎಂಬುದು ಮುಂದಿನವನಿಗೆ ತಿಳಿಯುತ್ತದೆ. ಫೋನಿನಲ್ಲಿ ಸಂದೇಶಗಳ ಪಟ್ಟಿಯನ್ನು ಮೊದಲೇ ಮುಚ್ಚಿಟ್ಟು ಆಮೇಲೆ ಪರದೆಗೆ ಹಚ್ಚಬೇಕು ಎನ್ನುವ ಪಾಠ ಅವರಿಗೆ ಹೇಳಬೇಕಾಗಲಿಲ್ಲ.

ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು. ತಂಬಾಕು, ಸಾರಾಯಿ ಬಿಟ್ಟು ಅವರ ಜೋಳಿಗೆಗೆ ಹಾಕಿದವರು ನಮ್ಮ ಕಡೆ ಬಹಳ ಮಂದಿ. ಬರುವ ವೈಶಾಖದಲ್ಲಿ ಮದುವೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಅಂಥದೊಂದು ಜೋಳಿಗೆ ಕಟ್ಟಿ, ಎರಡೂ ಕಡೆಯವರ ಫೋನು ಹಾಕಿಸಿಕೊಳ್ಳಬೇಕೆಂದು ನಾನು ಸೂಚಿಸಿದ್ದೇನೆ. ಹಡಗಿನವರ ಹಾಗೆ ಚೀಟಿ ಕೊಟ್ಟರಾಯಿತು, ಊಟ ಮುಗಿದ ಮೇಲೆ ವಾಪಸ್ಸು. ಬೀಗತಿ ಒಪ್ಪಿದ್ದಾರೆ. ವೈನಿ ಇನ್ನೂ ವಿಚಾರ ಮಾಡುತ್ತಿದ್ದಾರೆ.