ತೂತು ಹುಡುಕುವವರು

ಕುದೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮಸಿ ಮೆತ್ತಿಕೊಂಡು ಹಾಳಾದ ಹಾಳೆಗಳನ್ನು ಎಸೆಯುವ ಅಭ್ಯಾಸವಿಲ್ಲ. ಕ್ಲಿಪ್ಪು ಹಾಕಿಟ್ಟುಕೊಂಡು ಹಿಂಬದಿಯಲ್ಲಿ ದಿನದ ಲೆಕ್ಕ ಬರೆಯುತ್ತೇನೆ. ಈ ಎರಡು ವಾರದ ಹಾಳೆಗಳಲ್ಲಿ ಆಧಾರ್ ಕಾರ್ಡು, ಪಹಣಿಗಳ ಲೆಕ್ಕದ ಪಕ್ಕದಲ್ಲೇ ಅದಕ್ಕೆ ಸಂಬಂಧವಿಲ್ಲದ ಮಾತುಗಳು ಸೇರಿಕೊಂಡಿವೆ. ಅವನ್ನೇ ಎತ್ತಿ ಬರೆದಿದ್ದೇನೆ.

*

ಅಂಗಡಿ ಮುಂದಿನ ಕಲ್ಲುಬೆಂಚಿಗೆ ಬೆಳಿಗ್ಗೆ ಏಳೂವರೆಗೆ ಮೂವರು ಹುಡುಗರು ಬಂದು ಕೂರುತ್ತಾರೆ. ಸೋಲೂರು ದಾಟಿ ನೆಲಮಂಗಲದ ಕಡೆ ಕೆಲಸಕ್ಕೆ ಹೋಗುವವರು. ಬಸ್ಸು ಬರುವ ತನಕ ಜಗಳ. ಮೊದಲ ದಿನ ನನ್ನ ಕಿವಿಗೆ ಬಿದ್ದದ್ದು ಇದು: "ಅಪ್ಪನ್ನೇ ಕೊಲ್ದೆ ಕತ್ತಿ ಬಿಸಾಕ್ದೋನು, ತಂಗಿ ಮಗ ಮಲ್ಗಿರುವಾಗ ಅವ್ನ ಮೇಲೆ ಕತ್ತಿ ಎತ್ತಾನೇನ್ಲಾ?"

ಮೆಷಿನ್ ನಿಲ್ಲಿಸಿದೆ. "ಯಾವೂರ ಕೇಸ್ರಪ್ಪಾ ಇದು?" ಅಂದೆ.

"ಬಾಳ ದೂರದ್ದಣ್ಣ. ಬೇರೆ ಗ್ಯಾಲಕ್ಸಿದು."

*

ವಿಚಾರಿಸಿ ತಿಳಿದುಕೊಂಡದ್ದು. 'ಸ್ಟಾರ್ ವಾರ್ಸ್' ಅಂತ, ಜಾರ್ಜ್ ಲ್ಯೂಕಾಸ್ ಎಂಬಾತ ಶುರು ಮಾಡಿದ ಕಥೆ. 1977ರಿಂದ 2019ರವರೆಗೆ ಒಂಬತ್ತು ಸಿನಿಮಾ, ಮಧ್ಯೆ ಮಧ್ಯೆ ಉಪಕಥೆಗಳು ಬೇರೆ. ಮೊದಲು ಬಂದದ್ದು ನಾಲ್ಕು, ಐದು, ಆರನೆಯ ಭಾಗ. 1999ರಿಂದ ಒಂದು, ಎರಡು, ಮೂರು. 2015ರಿಂದ ಏಳು, ಎಂಟು, ಒಂಬತ್ತು. ಪುಟ ಹಿಂದುಮುಂದಾಗಿ ಬೈಂಡ್ ಆದ ಪುಸ್ತಕದ ಹಾಗೆ. ನಾನೇನಾದರೂ ಹಾಗೆ ಮಾಡಿಕೊಟ್ಟರೆ ಗಿರಾಕಿ ತಂದು ಮುಖಕ್ಕೆ ಎಸೆಯುತ್ತಾನೆ. ಇವರು ಇದನ್ನು ದುಡ್ಡು ಕಟ್ಟಿ ನೋಡುತ್ತಾರೆ. (ಕಟ್ಟುವವನು ಒಬ್ಬ, ಪಾಸ್‌ವರ್ಡ್ ಮೂವರದು.)

*

ಇವರ ಭಾಷೆಯಲ್ಲಿ ಕಥೆಯಲ್ಲಿನ ತಪ್ಪಿಗೆ 'ಲಾಜಿಕ್ ಮಿಸ್' ಅಂತ ಹೆಸರು. ನಾನು ತೂತು ಅಂತ ಬರೆದುಕೊಳ್ಳುತ್ತಿದ್ದೇನೆ. ಇವತ್ತು ಸಿಕ್ಕ ತೂತು: ಹಾನ್ ಸೋಲೋ ಎಂಬ ಹಡಗಿನ ಯಜಮಾನ ಕೆಸೆಲ್ ದಾರಿಯನ್ನು ಹನ್ನೆರಡು ಪಾರ್ಸೆಕ್ಕಿಗೂ ಕಡಿಮೆಯಲ್ಲಿ ಮುಗಿಸಿದೆ ಅಂತ ಮೊದಲ ಸಿನಿಮಾದಲ್ಲೇ ಜಂಭ ಕೊಚ್ಚುತ್ತಾನೆ. ಪಾರ್ಸೆಕ್ ಅಂದರೆ ಹೊತ್ತಲ್ಲ, ದೂರ. ಒಂದಕ್ಕೆ 3.26 ಜ್ಯೋತಿರ್ವರ್ಷ, ಹೆಚ್ಚುಕಡಿಮೆ 31 ಲಕ್ಷ ಕೋಟಿ ಕಿಲೋಮೀಟರ್.

"ಕುದೂರಿಂದ ಮಾಗಡಿಗೆ ಹತ್ತೇ ಕಿಲೋಮೀಟರಲ್ಲಿ ಹೋಗ್ಬಿಟ್ಟೆ ಅಂತ ಡ್ರೈವರ್ ಹೇಳ್ದಂಗಾಯ್ತು" ಅಂದ ಗಡ್ಡದವನು.

"ಒಳದಾರಿ ಗೊತ್ತಿರೋ ಡ್ರೈವರ್ ಹಂಗೇ ಕಣೋ ಹೇಳೋದು" ಅಂದ ಕನ್ನಡಕದವನು.

ಕನ್ನಡಕದವನ ವಾದವೇ ಕೊನೆಗೆ ನಿಂತಿತಂತೆ. 2018ರಲ್ಲಿ ಬಂದ 'ಸೋಲೋ' ಸಿನಿಮಾದಲ್ಲಿ ಇಪ್ಪತ್ತು ಪಾರ್ಸೆಕ್ಕಿನ ಸುತ್ತುದಾರಿ ಬಿಟ್ಟು, ಎಲ್ಲವನ್ನೂ ನುಂಗುವ ಸುಳಿಯ ಅಂಚಿನಲ್ಲೇ ಹಡಗು ನುಗ್ಗಿಸಿ ಹೋದದ್ದನ್ನು ತೋರಿಸಿದರು. ಒಂದು ಸಾಲಿನ ಜಂಭಕ್ಕೆ ಸಮಜಾಯಿಷಿ ಕೊಡಲು 41 ವರ್ಷ ಕಳೆದು ಒಂದು ಇಡೀ ಸಿನಿಮಾ.

ಇನ್ನೊಂದು ಅದಕ್ಕಿಂತ ದೊಡ್ಡದು. ಗ್ರಹಗಳನ್ನೇ ಪುಡಿ ಮಾಡುವ ಕೋಟೆ ಕಟ್ಟಿದವರು ಅದರಲ್ಲಿ ಎರಡು ಮೀಟರ್ ಅಗಲದ ಹೊಗೆಗಂಡಿ ಬಿಟ್ಟರು. ಅದರೊಳಗೆ ಗುರಿಯಿಟ್ಟು ಹೊಡೆದರೆ ಕೋಟೆಯೇ ಸಿಡಿಯುತ್ತದೆ. ಇಷ್ಟು ದಡ್ಡ ಇಂಜಿನಿಯರ್ ಯಾರು ಅಂತ ಜನ ನಕ್ಕು ನಕ್ಕು ಸಾಕಾದ ಮೇಲೆ, 2016ರ 'ರೋಗ್ ವನ್'ನಲ್ಲಿ ಉತ್ತರ ಬಂತು. ಆ ಇಂಜಿನಿಯರನನ್ನು ಎಳೆದೊಯ್ದು ಬಲವಂತದಿಂದ ದುಡಿಸಿದ್ದರು, ಅವನು ಹಗೆ ತೀರಿಸಲೆಂದೇ ಆ ದೋಷ ಇಟ್ಟ. ಮೂವರೂ ಈ ತೇಪೆಯನ್ನು ಒಪ್ಪುತ್ತಾರೆ. ತೇಪೆ ಬಟ್ಟೆಗಿಂತ ಚೆನ್ನಾಗಿದೆ ಅಂತ ಟಿಫನ್ ಬ್ಯಾಗಿನವನ ಅಭಿಪ್ರಾಯ. ಅವನು ಮಾತಾಡುವುದೇ ಕಮ್ಮಿ.

*

ಕರೆಂಟ್ ಇಲ್ಲ. ಲೆಕ್ಕ ಸೊನ್ನೆ.

*

ನಾಟಕದವರು ಬಂದಿದ್ದರು. 'ಕುರುಕ್ಷೇತ್ರ'ದ ಪಾಠದ ಹಾಳೆಗಳು, ಪಾತ್ರಕ್ಕೊಂದು ಕಟ್ಟು. ದುರ್ಯೋಧನನದು ದಪ್ಪ, ವಿದುರನದು ತೆಳು. ನಮ್ಮ ಕಡೆ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ಅದರಲ್ಲೂ ಕಿರೀಟ ದೊಡ್ಡದಾದಷ್ಟು ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ಹಾಳೆ ಎಣಿಸುತ್ತಿದ್ದರೆ, ಬಹಳ ವರ್ಷದಿಂದ ಶಕುನಿ ಮಾಡಿಕೊಂಡು ಬಂದಿರುವ ಯಜಮಾನರು ಬೆಂಚಿನ ತುದಿಯಲ್ಲಿ ಕೂತು ಹುಡುಗರ ಮಾತಿಗೆ ಕಿವಿ ಕೊಟ್ಟಿದ್ದರು.

ಅವತ್ತಿನ ತಕರಾರು ಗುರುವಿನ ಮೇಲೆ. ಒಬಿ-ವಾನ್ ಎಂಬ ಮುದುಕ ಶಿಷ್ಯ ಲ್ಯೂಕನಿಗೆ, ನಿನ್ನ ಅಪ್ಪನನ್ನು ಡಾರ್ತ್ ವೇಡರ್ ಕೊಂದ ಅಂದಿರುತ್ತಾನೆ. 1980ರ ಸಿನಿಮಾದಲ್ಲಿ ಆ ವೇಡರನೇ ಅಪ್ಪ ಅಂತ ಗೊತ್ತಾಗುತ್ತದೆ. 1983ರಲ್ಲಿ ಲ್ಯೂಕ ಹೋಗಿ ಕೇಳಿದರೆ, ಒಂದು ರೀತಿಯಲ್ಲಿ ನೋಡಿದರೆ ನಾನು ಹೇಳಿದ್ದು ನಿಜವೇ ಅನ್ನುತ್ತಾನೆ ಗುರು. ಒಳ್ಳೆಯವನು ಸತ್ತು ಕೆಟ್ಟವನಾಗಿ ಉಳಿದ ಅಂತ ಅರ್ಥವಂತೆ.

"ನಮ್ ಧರ್ಮರಾಯ ಆನೆ ಹೆಸ್ರು ಹೇಳಿ ದ್ರೋಣನ್ನ ಕೆಡವಿಲ್ವೇನ್ರೋ" ಅಂದರು ಯಜಮಾನರು. "ನಮ್ಮೋನ್ಗೆ ರಥನಾದ್ರೂ ನಾಕು ಬೆರಳು ಕೆಳಕ್ ಇಳೀತು. ನಿಮ್ಮ ಗುರುಗೆ ಏನಾಯ್ತು?"

ಏನೂ ಆಗಲಿಲ್ಲ. ಹುಡುಗರು ಮುಖ ಮುಖ ನೋಡಿಕೊಂಡರು. ಬಸ್ಸು ಬಂತು.

*

ಮಾರನೆಯ ದಿನ ಮೂವರೂ ಯಜಮಾನರಿಗೆ ತಿರುಗುಬಾಣ ತಂದಿದ್ದರು. ನಾಟಕದಲ್ಲಿ ಶಕುನಿ ಯಾಕೆ ಕೌರವರ ಜೊತೆಗಿದ್ದೇ ಕೌರವರನ್ನು ಹಾಳು ಮಾಡುತ್ತಾನೆ? ಅಪ್ಪ, ಅಣ್ಣತಮ್ಮಂದಿರನ್ನು ದುರ್ಯೋಧನ ಸೆರೆಯಲ್ಲಿ ಒಂದೊಂದು ಅಗುಳು ಕೊಟ್ಟು ಸಾಯಿಸಿದ ಅಂತ. ದಾಳ ಅಪ್ಪನ ಮೂಳೆಯದು ಅಂತ. ಯಜಮಾನರು ಈ ಸೀನಿಗೆ ಬಂದರೆ ಹೆಂಗಸರು ಅಳುತ್ತಾರೆ. ಕನ್ನಡಕದವನು ಮೊಬೈಲ್ ಹಿಡಿದು ಹೇಳಿದ: ವ್ಯಾಸರ ಭಾರತದಲ್ಲಿ ಈ ಸೆರೆಮನೆಯೇ ಇಲ್ಲ. ಭೀಷ್ಮಪರ್ವದಲ್ಲಿ ಶಕುನಿಯ ತಮ್ಮಂದಿರು ಗಟ್ಟಿಮುಟ್ಟಾಗಿ ಕುದುರೆ ಹತ್ತಿ ಬಂದು ಅರ್ಜುನನ ಮಗ ಇರಾವಂತನ ಮೇಲೆ ಬೀಳುತ್ತಾರೆ. ಸೆರೆಯಲ್ಲಿ ಸತ್ತವರು ಯುದ್ಧಕ್ಕೆ ಹೆಂಗ್ ಬಂದ್ರು?

ಯಜಮಾನರು ಎಲೆಗೆ ಸುಣ್ಣ ಹಚ್ಚಿ ಮುಗಿಸುವ ತನಕ ಸುಮ್ಮನಿದ್ದರು. ಆಮೇಲೆ ಅಂದರು: "ಆ ಸೆರೆಮನೆ ತೆಗೆದ್ಬುಟ್ರೆ ಶಕುನಿ ಬರೀ ಜೂಜುಕೋರ ಆಯ್ತಾನೆ. ಅಂತಾ ಪಾತ್ರಕ್ಕೆ ನಾನ್ಯಾಕ್ಲಾ ದುಡ್ ಕೊಡ್ಲಿ?"

ನನಗೆ ಆ ಹೊಗೆಗಂಡಿಯ ಇಂಜಿನಿಯರ್ ನೆನಪಾದ. ಅವನೂ ಶಕುನಿಯೇ. ಒಳಗಿದ್ದುಕೊಂಡೇ ಮನೆ ಮುರಿದವನು.

*

ಬಿ.ಎ.ಯಲ್ಲಿ ನಾನು ಓದಿದ್ದು ಕನ್ನಡ. ಉಪಯೋಗಕ್ಕೆ ಬಂದದ್ದು ಇವತ್ತೇ ಇರಬೇಕು. ಪಂಪನ ವಿಷಯ ಹೇಳಿದೆ.

941ರಲ್ಲಿ ಪಂಪ 'ವಿಕ್ರಮಾರ್ಜುನ ವಿಜಯ' ಬರೆದ. ಆಶ್ರಯ ಕೊಟ್ಟ ದೊರೆ ವೇಮುಲವಾಡದ ಚಾಲುಕ್ಯ ಅರಿಕೇಸರಿ. ಅವನನ್ನೇ ಅರ್ಜುನನ ಜಾಗದಲ್ಲಿ ಇಟ್ಟು ಭಾರತ ಹೇಳಬೇಕು. ದೊರೆಯ ಹೆಂಡತಿಗೆ ಐದು ಜನ ಗಂಡಂದಿರು ಅಂದರೆ ಕವಿಯ ಗತಿ? ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಅಲ್ಲಿಗೆ ಒಂದು ಕಷ್ಟ ಕಳೆಯಿತು, ಸಾಲಾಗಿ ಹತ್ತು ಕಷ್ಟ ಬಂದವು. ತಮ್ಮನ ಹೆಂಡತಿಯನ್ನು ಧರ್ಮರಾಯ ಯಾವ ಹಕ್ಕಿನಿಂದ ಪಣಕ್ಕಿಟ್ಟ? ಗಂಡನಾದ ಅರ್ಜುನ ಇರುವಾಗ ಮುಡಿ ಕಟ್ಟುವ ಪ್ರತಿಜ್ಞೆ ಭೀಮನದು ಯಾಕೆ? ಕೊನೆಯಲ್ಲಂತೂ ಪಟ್ಟವೇ ಅರ್ಜುನನಿಗೆ, ಪಕ್ಕದಲ್ಲಿ ಕೂರುವವಳು ಸುಭದ್ರೆ. ಇಷ್ಟೆಲ್ಲ ಪಟ್ಟ ದ್ರೌಪದಿ ಎಲ್ಲಿಗೆ ಹೋದಳು? ಕನ್ನಡದ ವಿದ್ವಾಂಸರು ಇದನ್ನು ಹಿಡಿದು ಬರೆದದ್ದು ಕಡಿಮೆಯಲ್ಲ. ನಮ್ಮ ಮೇಷ್ಟ್ರು ಒಂದು ಇಡೀ ತಿಂಗಳು ಇದನ್ನೇ ಪಾಠ ಮಾಡಿದರು, ಕೊನೆಗೂ ಪಂಪನನ್ನು ಬಿಟ್ಟುಕೊಡಲಿಲ್ಲ.

"ಹಂಗಾದ್ರೆ ಸಾವಿರ ವರ್ಷದಿಂದ ಲಾಜಿಕ್ ಮಿಸ್ಸಾ?" ಅಂತ ಟಿಫನ್ ಬ್ಯಾಗಿನವನಿಗೆ ಬಹಳ ಸಂತೋಷವಾಯಿತು.

*

ನನಗೆ ನಿಜವಾಗಿ ಬಗೆಹರಿಯದ್ದು ಇದು. ಇವರಲ್ಲಿ ಗಡ್ಡದವನು ಬ್ಯಾಲಾಳಿನ ತಟ್ಟೆಯನ್ನು ದೂರದಿಂದ ನೋಡಿ ಬಂದವನು. ಬೆಂಗಳೂರಿನ ಕಡೆಗೆ ಹೋಗುವಾಗ ಮಾಗಡಿ ರಸ್ತೆಯಿಂದ ಒಳಕ್ಕೆ ಸಿಗುವ ಊರು. ಇಸ್ರೋದವರು ದೂರದ ನೌಕೆಗಳ ಜೊತೆ ಮಾತಾಡುವ ಆಂಟೆನಾ ಅಲ್ಲಿದೆ. 32 ಮೀಟರ್ ಅಡ್ಡಗಲ, ಮೂರು ಬಸ್ಸು ಸಾಲಾಗಿ ನಿಲ್ಲಿಸಿದಷ್ಟು. 2008ರಲ್ಲಿ ಚಂದ್ರಯಾನಕ್ಕೆಂದು ಶುರುವಾದದ್ದು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳನ ಸುತ್ತ ಬಿದ್ದಾಗ, ಅಲ್ಲಿಂದ ಹೊರಟ ಸುದ್ದಿ ಭೂಮಿಗೆ ತಲುಪಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ಬೆಳಕಿನ ವೇಗಕ್ಕಿಂತ ಜೋರಾಗಿ ಯಾವ ಮಾತೂ ಓಡುವುದಿಲ್ಲ. ನೌಕೆಗೆ ಏನಾದರೂ ಎಡವಟ್ಟಾದರೆ ಗೊತ್ತಾಗುವ ಹೊತ್ತಿಗೆ ಕಥೆ ಮುಗಿದಿರುತ್ತದೆ, ಅದಕ್ಕೇ ಆಜ್ಞೆಗಳನ್ನೆಲ್ಲ ಮೊದಲೇ ತುಂಬಿ ಕಳಿಸಿದ್ದರು.

ಇವನ ಸಿನಿಮಾದಲ್ಲಿ ಗ್ಯಾಲಕ್ಸಿಯ ಈ ತುದಿಯವನು ಆ ತುದಿಯವನ ಜೊತೆ ನೀಲಿ ನೆರಳಿನಂತೆ ಎದ್ದು ನಿಂತು, ಎದುರುಮನೆಯವರ ಹಾಗೆ ಮಾತಾಡುತ್ತಾನೆ. ಗಾಳಿಯಿಲ್ಲದ ಕಡೆ ಬಾಂಬಿನ ಶಬ್ದ ಕೇಳುತ್ತದೆ. ಇದು ತೂತಲ್ಲವೇನಪ್ಪ, ಬ್ಯಾಲಾಳು ನೋಡಿದವನಿಗೆ ಇದು ಕಾಣಲಿಲ್ಲವೇ ಅಂತ ಕೇಳಿದೆ.

"ಅದು ಮೊದಲ ಸಿನ್ಮಾದಿಂದ್ಲೂ ಹಂಗೇ ಅಣ್ಣ. ಅವ್ರ ಊರಿನ ರೂಲ್ಸು. ಲ್ಯೂಕ್ ಮೊದ್ಲು ಹಂಗಿರ್ಲಿಲ್ಲ."

ಮತ್ತೆ ಅಲ್ಲಿಗೇ ಬಂದ. ಅಪ್ಪನನ್ನು ಕೊಲ್ಲಲಾರೆ ಅಂತ 1983ರಲ್ಲಿ ಕತ್ತಿ ಬಿಸಾಡಿದ ಲ್ಯೂಕ್, 2017ರ 'ದಿ ಲಾಸ್ಟ್ ಜೇಡೈ'ನಲ್ಲಿ ಮಲಗಿದ್ದ ಸೋದರಳಿಯನ ಮೇಲೆ ಒಂದು ಗಳಿಗೆಗಾದರೂ ಕತ್ತಿ ಬೆಳಗಿಸಿದ್ದು ಇವನಿಗೆ ಇವತ್ತಿಗೂ ಸಂಕಟ. ಬೆಳಕಿನ ವೇಗ ಮುರಿದರೆ ಅವನಿಗೆ ಏನೂ ಅನ್ನಿಸುವುದಿಲ್ಲ. ಒಬ್ಬ ಮನುಷ್ಯ ಹಿಂದೆ ನಡೆದುಕೊಂಡ ರೀತಿಗೆ ಮುರಿದು ನಡೆದರೆ ಮನೆಯವರು ಮಾತು ತಪ್ಪಿದಷ್ಟು ನೋವು. ಕನ್ನಡಕದವನು ಒಪ್ಪುವುದಿಲ್ಲ: ಮೂವತ್ತು ವರ್ಷದಲ್ಲಿ ಮನುಷ್ಯ ಬದಲಾಗಬಾರದಾ? ನಮ್ಮ ಬೀದಿಯಲ್ಲೇ ಬದಲಾದವರು ಎಷ್ಟು ಜನ ಇಲ್ಲ? ಆದರೆ 2019ರ ಕೊನೆಯ ಭಾಗದಲ್ಲಿ, ಆರನೆಯ ಭಾಗದಲ್ಲೇ ಆಳಕ್ಕೆ ಬಿದ್ದು ಸತ್ತ ಚಕ್ರವರ್ತಿ ಹೇಗೋ ಎದ್ದು ಬಂದದ್ದಕ್ಕೆ ಮಾತ್ರ ಮೂವರದೂ ಒಂದೇ ಬೈಗುಳ. ಅದನ್ನು ಹಾಳೆಯಲ್ಲಿ ಬರೆದುಕೊಂಡಿಲ್ಲ.

ತಾಯಿಯ ವಿಷಯ ಒಂದು ಉಳಿದಿದೆ. 1983ರಲ್ಲಿ ಲ್ಯೂಕನ ತಂಗಿ ಲೇಯಾ ತನಗೆ ಹೆತ್ತ ತಾಯಿಯ ನೆನಪು ಸ್ವಲ್ಪ ಸ್ವಲ್ಪ ಇದೆ, ಮುಖದಲ್ಲಿ ದುಃಖವಿತ್ತು ಅನ್ನುತ್ತಾಳೆ. 2005ರಲ್ಲಿ ಬಂದ ಮೂರನೆಯ ಭಾಗದಲ್ಲಿ ಆ ತಾಯಿ ಹೆರಿಗೆಯಲ್ಲೇ ಕಣ್ಣು ಮುಚ್ಚುತ್ತಾಳೆ. ಇದಕ್ಕೆ ತೇಪೆ ಹಾಕಲು ಹೋದ ಇಬ್ಬರನ್ನೂ ಟಿಫನ್ ಬ್ಯಾಗಿನವನು ತಡೆದ. "ಅದನ್ನ ಬಿಡ್ರೋ. ನಮ್ಮಮ್ಮ ಹೋದಾಗ ನಂಗೆ ಎರಡು ವರ್ಷ. ನಂಗೂ ಮುಖ ಗೊತ್ತು ಅನ್ಸುತ್ತೆ." ಆಮೇಲೆ ಯಾರೂ ಮಾತಾಡಲಿಲ್ಲ. ನಾನು ಒಳಗೆ ಹೋಗಿ ಟೋನರ್ ಬದಲಾಯಿಸಿದೆ. ಖಾಲಿಯಾಗಿರಲಿಲ್ಲ.

*

ಭಾನುವಾರ. ಬಸ್ಸಿಲ್ಲದಿದ್ದರೂ ಮೂವರು ಹಾಜರು. ಯಜಮಾನರೂ ಇದ್ದರು. ಮಾತು ನಮ್ಮ ಜಿಲ್ಲೆಯ ತೂತಿಗೇ ಬಂತು. ರಾಮನಗರದ ಬೆಟ್ಟದ ತಪ್ಪಲಲ್ಲಿ ಊರನ್ನೇ ಕಟ್ಟಿ ತೆಗೆದ 'ಶೋಲೆ', 1975ರ ಆಗಸ್ಟ್ 15ರಂದು ಬಿಡುಗಡೆಯಾದದ್ದು. ಅದರಲ್ಲಿ ಠಾಕೂರನ ಮನೆಗೆ ಕರೆಂಟಿಲ್ಲ. ಸೊಸೆ ರಾತ್ರಿ ಒಂದೊಂದೇ ದೀಪ ಆರಿಸುತ್ತಾ ಹೋಗುತ್ತಾಳೆ, ಅಮಿತಾಭ್ ಮೌತ್ ಆರ್ಗನ್ ಊದುತ್ತಾನೆ. ಅದೇ ಊರಲ್ಲಿ ಧರ್ಮೇಂದ್ರ ಕುಡಿದು ಹತ್ತಿ ಕೂರುವುದು ನೀರಿನ ಓವರ್‌ಹೆಡ್ ಟ್ಯಾಂಕಿನ ಮೇಲೆ. ಕರೆಂಟಿಲ್ಲದ ಊರಲ್ಲಿ ಅಷ್ಟೆತ್ತರಕ್ಕೆ ನೀರು ಹತ್ತಿಸಿದವರು ಯಾರು?

ಡೀಸೆಲ್ ಇಂಜಿನ್ ಇತ್ತು ಅಂತ ಯಜಮಾನರು. ಇದ್ದರೆ ಡುಗುಡುಗು ಸದ್ದು ಕೇಳಬೇಕಿತ್ತು ಅಂತ ಗಡ್ಡದವನು, ಗಾಳಿಯಿಲ್ಲದ ಆಕಾಶದಲ್ಲಿ ಬಾಂಬಿನ ಸದ್ದು ಕೇಳಿಸಿಕೊಂಡವನು. ಯೋಜನೆ ಮಂಜೂರಾಗಿ ಟ್ಯಾಂಕ್ ಕಟ್ಟಿದರು, ಕರೆಂಟ್ ಆಮೇಲೆ ಬರುತ್ತೆ ಅಂದರು, ಬರಲಿಲ್ಲ ಅಂತ ಕನ್ನಡಕದವನು. ಇದು ಮಾತ್ರ ನಮ್ಮ ಕಡೆ ಯಾರಿಗೂ ತೂತು ಅನ್ನಿಸಲಿಕ್ಕಿಲ್ಲ.

ಕೊನೆಯ ಸೀನಿನ ಕಥೆಯೂ ಬಂತು. ಠಾಕೂರನೇ ಮೊಳೆ ಬೂಟಿನಲ್ಲಿ ಡಕಾಯಿತ ಗಬ್ಬರನನ್ನು ತುಳಿದು ಕೊಲ್ಲುವಂತೆ ನಿರ್ದೇಶಕ ರಮೇಶ್ ಸಿಪ್ಪಿ ಚಿತ್ರಿಸಿದ್ದರು. ತುರ್ತುಪರಿಸ್ಥಿತಿಯ ಕಾಲ, ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಸರಿಯಾದ ಹೊತ್ತಿಗೆ ಬಂದು ಹಿಡಿಯುವ ಹಾಗೆ ಬದಲಾಯಿತು. 2025ರಲ್ಲಿ ಐವತ್ತು ತುಂಬಿದಾಗ ಮೂಲ ಕೊನೆಯ ಪ್ರತಿಯನ್ನು ದುರಸ್ತಿ ಮಾಡಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದರು. ಪೊಲೀಸರು ಸರಿಯಾದ ಹೊತ್ತಿಗೆ ಬಂದದ್ದೇ ಸಿನಿಮಾದ ಅತಿ ದೊಡ್ಡ ತೂತು ಅಂತ ಯಜಮಾನರ ತೀರ್ಪು. ಯಾರೂ ಎದುರಾಡಲಿಲ್ಲ.

ಟ್ಯಾಂಕಿನದು ಮಾತ್ರ ಇತ್ಯರ್ಥವಾಗಿಲ್ಲ. ಶೂಟಿಂಗ್ ನೋಡಲು ಬೆಟ್ಟದ ತಪ್ಪಲಿಗೆ ಹೋಗಿದ್ದ ಹಿರಿಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ, ಆ ಟ್ಯಾಂಕಿನಲ್ಲಿ ನೀರಿತ್ತೋ ಇಲ್ಲವೋ ಒಂದು ಮಾತು ಕೇಳಿ. ಚೀಟಿಯಲ್ಲಿ ಬರೆದು ಕುದೂರಿನ ಕಡೆ ಬರುವವರ ಕೈಲಿ ಕಳಿಸಿ. ನಾಲ್ಕು ಪ್ರತಿ ತೆಗೆದು ಬೆಂಚಿನ ಮೇಲೆ ಇಡುತ್ತೇನೆ, ಪುಕ್ಕಟೆ.